ಕಾರ್ಬನ್ ಕ್ಯಾಪ್ಚರ್, ಹೈಡ್ರೋಜನ್: ಕಲ್ಲಿದ್ದಲಿಗೆ ಬೀಳ್ಕೊಡುಗೆಯೋ, ಇನ್ನೊಂದು ಅವಕಾಶವೋ? ಇಲ್ಲಿದೆ ಸಮಗ್ರ ಮಾಹಿತಿ

ನವದೆಹಲಿ: 2022ರ ಮಾರ್ಚ್ 30ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಹೈಡ್ರೋಜನ್ ಕಾರಿನಲ್ಲಿ ಸಂಸತ್ ಭವನಕ್ಕೆ ಬಂದಿಳಿದಿದ್ದರು. 2023ರ ಸೆಪ್ಟೆಂಬರ್ 25ರಂದು ಕರ್ತವ್ಯ ಪಥದಲ್ಲಿ ಹೈಡ್ರೋಜನ್ ಬಸ್‌ಗೆ ಹಸಿರು ನಿಶಾನೆ ಸಿಕ್ಕಿತು. ಹರಿಯಾಣದ ಜಿಂದ್-ಸೋನಿಪತ್ ಮಾರ್ಗವನ್ನು ಹೈಡ್ರೋಜನ್ ರೈಲಿಗಾಗಿ ಆಯ್ಕೆ ಮಾಡಲಾಗಿದೆ. 2026-27ರ ಕೇಂದ್ರ ಬಜೆಟ್‌ನಲ್ಲಿ ಕಾರ್ಬನ್ ಕ್ಯಾಪ್ಚರ್ ತಂತ್ರಜ್ಞಾನಕ್ಕೆ 5 ವರ್ಷಗಳ ಅವಧಿಗೆ 20,000 ಕೋಟಿ ರೂಪಾಯಿ ಘೋಷಣೆಯಾಗಿದೆ.

ಈ ಸುದ್ದಿಗಳನ್ನು ಓದಿದವರಿಗೆ ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಕಾಲ ಮುಗಿಯುತ್ತಾ ಬಂತು ಎನಿಸುವುದು ಸಹಜ. ಆದರೆ ಇದೇ ಅವಧಿಯಲ್ಲಿ ಕೇಂದ್ರ ಇಂಧನ ಸಚಿವಾಲಯ 2031-32ರೊಳಗೆ ಕನಿಷ್ಠ 80,000 ಮೆಗಾವ್ಯಾಟ್ ಹೆಚ್ಚುವರಿ ಕಲ್ಲಿದ್ದಲು ವಿದ್ಯುತ್ ಸಾಮರ್ಥ್ಯ ಬೇಕು ಎಂದು ಹೇಳಿದೆ. ಹಾಗಾದರೆ ಈ ಹೊಸ ತಂತ್ರಜ್ಞಾನಗಳು ಪಳೆಯುಳಿಕೆ ಇಂಧನಗಳಿಂದ ನಮ್ಮನ್ನು ಬಿಡಿಸುತ್ತವೆಯೇ? ಅಥವಾ ‘ಮುಂದೆ ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತೇವೆ’ ಎಂಬ ಭರವಸೆಯ ಮೇಲೆ ಹಳೆಯ ಚಿಮಣಿಗಳ ಆಯುಷ್ಯವನ್ನು ಹೆಚ್ಚಿಸುತ್ತವೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ದೆಹಲಿ-ಎನ್‌ಸಿಆರ್ ಸುತ್ತಮುತ್ತಲೇ ಸಾಕಷ್ಟು ಉದಾಹರಣೆಗಳಿವೆ. ಕರ್ನಾಟಕದಲ್ಲೂ ಇವೆ.

ಮುಖ್ಯಾಂಶಗಳು

* ಹೈಡ್ರೋಜನ್ ಬಳಸುವಾಗ ಹೊಗೆ ಇರುವುದಿಲ್ಲ. ಆದರೆ ತಯಾರಿಸುವಾಗ ಇರಬಹುದು. ಇಂದು ಜಗತ್ತಿನ ಬಹುತೇಕ ಹೈಡ್ರೋಜನ್ ಬರುತ್ತಿರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ.
* ದೇಶದ ಅತಿದೊಡ್ಡ ಉಷ್ಣ ವಿದ್ಯುತ್ ಸ್ಥಾವರದಲ್ಲಿರುವ ಕಾರ್ಬನ್ ಕ್ಯಾಪ್ಚರ್ ಘಟಕ ದಿನಕ್ಕೆ ಹಿಡಿಯುವುದು 20 ಟನ್. ಆ ಸ್ಥಾವರ ಅರ್ಧ ನಿಮಿಷದೊಳಗೆ ಅಷ್ಟನ್ನು ಹೊರಬಿಡುತ್ತದೆ.
* ಸಿಮೆಂಟ್, ಉಕ್ಕು, ರಸಗೊಬ್ಬರದಂಥ ಕಡೆ ಈ ತಂತ್ರಜ್ಞಾನಗಳು ಬೇಕೇ ಬೇಕು. ವಿದ್ಯುತ್ ಉತ್ಪಾದನೆ, ಸಿಟಿ ಬಸ್, ಅಡುಗೆ ಅನಿಲಕ್ಕೆ ಬೇರೆ ಅಗ್ಗದ ದಾರಿಗಳಿವೆ.

ಏನಿದು ಕಾರ್ಬನ್ ಕ್ಯಾಪ್ಚರ್?

ಕಲ್ಲಿದ್ದಲು, ತೈಲ ಅಥವಾ ಅನಿಲ ಉರಿದಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಭೂಮಿ ಬಿಸಿಯಾಗಲು ಇದೇ ಮುಖ್ಯ ಕಾರಣ. ಚಿಮಣಿಯಿಂದ ಗಾಳಿಗೆ ಸೇರುವ ಮೊದಲೇ ಈ ಅನಿಲವನ್ನು ಬೇರ್ಪಡಿಸಿ ಹಿಡಿಯುವುದೇ ಕಾರ್ಬನ್ ಕ್ಯಾಪ್ಚರ್.

ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ಹೊಗೆಯನ್ನು ಅಮೀನ್ ಎಂಬ ರಾಸಾಯನಿಕ ದ್ರಾವಣದ ಮೂಲಕ ಹಾಯಿಸುತ್ತಾರೆ. ದ್ರಾವಣ ಕಾರ್ಬನ್ ಡೈಆಕ್ಸೈಡ್ ಅನ್ನು ಹೀರಿಕೊಳ್ಳುತ್ತದೆ. ನಂತರ ದ್ರಾವಣವನ್ನು ಕಾಯಿಸಿದರೆ ಅನಿಲ ಬಿಡುಗಡೆಯಾಗುತ್ತದೆ. ಅದನ್ನು ಒತ್ತಡಕ್ಕೆ ಒಳಪಡಿಸಿ ಪೈಪ್‌ಲೈನ್ ಮೂಲಕ ಸಾಗಿಸಿ ಭೂಮಿಯ ಆಳದಲ್ಲಿ ಸಂಗ್ರಹಿಸಬಹುದು, ಇಲ್ಲವೇ ಬೇರೆ ವಸ್ತುಗಳ ತಯಾರಿಕೆಗೆ ಬಳಸಬಹುದು.

ಇಲ್ಲೇ ಮೊದಲ ತೊಡಕು ಇದೆ. ದ್ರಾವಣ ಕಾಯಿಸಲು, ಅನಿಲವನ್ನು ಒತ್ತಲು ಭಾರಿ ಶಕ್ತಿ ಬೇಕು. ಕಲ್ಲಿದ್ದಲು ಸ್ಥಾವರದ ಶಕ್ತಿಯಲ್ಲಿ ಸರಿಸುಮಾರು ಶೇ. 20ರಿಂದ 30ರಷ್ಟು ಇದಕ್ಕೇ ಖರ್ಚಾಗುತ್ತದೆ. ಅಂದರೆ ಗ್ರಾಹಕರಿಗೆ ಮೊದಲಿನಷ್ಟೇ ಕರೆಂಟ್ ಕೊಡಬೇಕಾದರೆ ಇನ್ನೂ ಹೆಚ್ಚು ಕಲ್ಲಿದ್ದಲು ಸುಡಬೇಕು. ಗಣಿಗಾರಿಕೆ, ಸಾಗಣೆ, ಹಾರುಬೂದಿ ಎಲ್ಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ.

ಹೈಡ್ರೋಜನ್‌ಗೆ ಬಣ್ಣ ಏಕೆ?

ಹೈಡ್ರೋಜನ್ ಬಣ್ಣವಿಲ್ಲದ ಅನಿಲ. ಆದರೆ ಅದನ್ನು ತಯಾರಿಸುವ ವಿಧಾನ ಗುರುತಿಸಲು ಬಣ್ಣದ ಹೆಸರು ಕೊಡುತ್ತಾರೆ.

* ಗ್ರೇ ಹೈಡ್ರೋಜನ್: ನೈಸರ್ಗಿಕ ಅನಿಲದಿಂದ ತಯಾರಿಸಿದ್ದು. 1 ಕೆಜಿ ಹೈಡ್ರೋಜನ್ ತಯಾರಿಸುವಾಗ ಸುಮಾರು 9ರಿಂದ 10 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ.
* ಕಲ್ಲಿದ್ದಲಿನ ಹೈಡ್ರೋಜನ್: ಕಲ್ಲಿದ್ದಲನ್ನು ಅನಿಲವಾಗಿಸಿ ತೆಗೆದದ್ದು. ಹೊರಸೂಸುವಿಕೆ ಗ್ರೇಗಿಂತ ಸುಮಾರು ಎರಡು ಪಟ್ಟು.
* ಬ್ಲೂ ಹೈಡ್ರೋಜನ್: ತಯಾರಿಕೆ ಗ್ರೇ ರೀತಿಯಲ್ಲೇ. ಆದರೆ ಹೊರಬರುವ ಕಾರ್ಬನ್ ಡೈಆಕ್ಸೈಡ್‌ನ ಒಂದು ಭಾಗವನ್ನು ಹಿಡಿಯಲಾಗುತ್ತದೆ.
* ಗ್ರೀನ್ ಹೈಡ್ರೋಜನ್: ಸೌರ, ಪವನ ವಿದ್ಯುತ್ ಬಳಸಿ ನೀರನ್ನು ವಿಭಜಿಸಿ ತೆಗೆದದ್ದು.

ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನ ಹೈಡ್ರೋಜನ್ ಬೇಡಿಕೆ ಸುಮಾರು 9.7 ಕೋಟಿ ಟನ್. ಇದರಲ್ಲಿ ಕಡಿಮೆ ಹೊರಸೂಸುವಿಕೆಯ ಹೈಡ್ರೋಜನ್ ಪಾಲು ಶೇ. 1ಕ್ಕಿಂತಲೂ ಕಡಿಮೆ. ಹೀಗಾಗಿ ‘ಹೈಡ್ರೋಜನ್’ ಎಂದ ಮಾತ್ರಕ್ಕೆ ಶುದ್ಧ ಇಂಧನ ಎಂದು ಭಾವಿಸುವಂತಿಲ್ಲ.

ರಾಜ್‌ಘಾಟ್ ಡಿಪೊದಲ್ಲಿ ನಡೆದಿದ್ದೇನು?

ದೆಹಲಿಯ ವಾಯುಮಾಲಿನ್ಯ ಪ್ರಕರಣದ ವಿಚಾರಣೆ ವೇಳೆ ಸುಪ್ರೀಂ ಕೋರ್ಟ್, ಹೈಡ್ರೋಜನ್ ಬೆರೆಸಿದ ಸಿಎನ್‌ಜಿ ಬಳಸುವ ಸಾಧ್ಯತೆ ಪರಿಶೀಲಿಸಲು ಸೂಚಿಸಿತ್ತು. ಅದರಂತೆ 2020ರ ಅಕ್ಟೋಬರ್‌ನಲ್ಲಿ ರಾಜ್‌ಘಾಟ್ ಬಸ್ ಡಿಪೊದಲ್ಲಿ ಇಂಡಿಯನ್ ಆಯಿಲ್ ನಿರ್ಮಿಸಿದ ಘಟಕ ಉದ್ಘಾಟನೆಯಾಯಿತು. 50 ಬಸ್‌ಗಳಲ್ಲಿ 6 ತಿಂಗಳ ಪ್ರಯೋಗ ಆರಂಭವಾಯಿತು. ಮಿಶ್ರಣದಲ್ಲಿ ಹೈಡ್ರೋಜನ್ ಪ್ರಮಾಣ ಶೇ. 18.

ಇದರಿಂದ ಕಾರ್ಬನ್ ಮೊನಾಕ್ಸೈಡ್‌ನಂಥ ವಿಷಾನಿಲ ಕಡಿಮೆಯಾಗುತ್ತದೆ ಎನ್ನಲಾಗಿತ್ತು. ನಗರದ ಗಾಳಿಯ ಮಟ್ಟಿಗೆ ಅದು ಉಪಯುಕ್ತವೇ. ಆದರೆ ಹವಾಮಾನದ ಲೆಕ್ಕ ಬೇರೆ.

ಶೇ. 18 ಎಂಬುದು ಗಾತ್ರದ ಲೆಕ್ಕ. ಅಷ್ಟೇ ಗಾತ್ರದ ಮೀಥೇನ್‌ಗೆ ಹೋಲಿಸಿದರೆ ಹೈಡ್ರೋಜನ್‌ನಲ್ಲಿ ಇರುವ ಶಕ್ತಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹೀಗಾಗಿ ಬಸ್ಸಿಗೆ ಸಿಗುವ ಒಟ್ಟು ಶಕ್ತಿಯಲ್ಲಿ ಹೈಡ್ರೋಜನ್ ಪಾಲು ಶೇ. 6ರ ಆಸುಪಾಸು ಮಾತ್ರ. ಉಳಿದ ಶೇ. 94 ಸಿಎನ್‌ಜಿಯದ್ದೇ. ಇನ್ನೊಂದು ಸಂಗತಿ ಎಂದರೆ, ಆ ಘಟಕದಲ್ಲಿ ಹೈಡ್ರೋಜನ್ ತಯಾರಾಗುತ್ತಿದ್ದದ್ದೂ ಸಿಎನ್‌ಜಿಯಿಂದಲೇ. ಹೆಸರಿನಲ್ಲಿ ಹೈಡ್ರೋಜನ್ ಸೇರಿತು, ಮೂಲ ಇಂಧನ ಬದಲಾಗಲಿಲ್ಲ.

ಮನೆಗಳಿಗೆ ಪೈಪ್ ಮೂಲಕ ಬರುವ ಅಡುಗೆ ಅನಿಲಕ್ಕೆ ಹೈಡ್ರೋಜನ್ ಬೆರೆಸುವ ಯೋಜನೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಸೂರತ್‌ನ ಕವಾಸ್‌ನಲ್ಲಿ ಎನ್‌ಟಿಪಿಸಿ 2023ರ ಜನವರಿಯಲ್ಲಿ ಇಂಥ ಪ್ರಯೋಗ ಆರಂಭಿಸಿತು. ಅಲ್ಲಿ ಬಳಸುವುದು ಗ್ರೀನ್ ಹೈಡ್ರೋಜನ್. ಮಿಶ್ರಣದ ಆರಂಭಿಕ ಪ್ರಮಾಣ ಶೇ. 5. ಶಕ್ತಿಯ ಲೆಕ್ಕದಲ್ಲಿ ಇದು ಶೇ. 2ಕ್ಕಿಂತ ಕಡಿಮೆ. ಉಳಿದದ್ದು ನೈಸರ್ಗಿಕ ಅನಿಲವೇ ಆದ್ದರಿಂದ ಪೈಪ್‌ಲೈನ್‌ಗಳಿಗೆ ಹೊಸ ಹೂಡಿಕೆ ಮುಂದುವರಿಯಲು ಇದು ಸಮರ್ಥನೆ ಆಗಬಹುದು ಎಂಬುದು ಟೀಕಾಕಾರರ ವಾದ.

ಜಿಂದ್ ರೈಲು: ಕರೆಂಟ್ ಎಲ್ಲಿಂದ?

ಜಿಂದ್-ಸೋನಿಪತ್ ನಡುವಿನ 89 ಕಿ.ಮೀ. ಮಾರ್ಗಕ್ಕೆಂದು ಸಿದ್ಧಪಡಿಸಿದ ಹೈಡ್ರೋಜನ್ ರೈಲಿನ ಬೋಗಿಯನ್ನು ಚೆನ್ನೈನ ಐಸಿಎಫ್‌ನಲ್ಲಿ 2025ರ ಜುಲೈನಲ್ಲಿ ಪರೀಕ್ಷಿಸಲಾಯಿತು. ರೈಲನ್ನು ಪರಿವರ್ತಿಸಲು ಹಾಗೂ ನೆಲದ ಮೇಲಿನ ವ್ಯವಸ್ಥೆಗೆ ನೀಡಿದ ಗುತ್ತಿಗೆಯ ಮೊತ್ತ 111.83 ಕೋಟಿ ರೂ. ಜಿಂದ್‌ನಲ್ಲಿರುವ 1 ಮೆಗಾವ್ಯಾಟ್ ಎಲೆಕ್ಟ್ರೋಲೈಸರ್ ದಿನಕ್ಕೆ ಸುಮಾರು 430 ಕೆಜಿ ಹೈಡ್ರೋಜನ್ ತಯಾರಿಸಬಲ್ಲದು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎಲೆಕ್ಟ್ರೋಲೈಸರ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ?

1 ಕೆಜಿ ಹೈಡ್ರೋಜನ್ ತಯಾರಿಸಲು ಸುಮಾರು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ನಮ್ಮ ರಾಷ್ಟ್ರೀಯ ಗ್ರಿಡ್‌ನ 1 ಯೂನಿಟ್ ವಿದ್ಯುತ್ ಹಿಂದೆ ಸರಾಸರಿ 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಇದೆ. ಆ ಕರೆಂಟನ್ನೇ ಬಳಸಿದರೆ 1 ಕೆಜಿ ಹೈಡ್ರೋಜನ್‌ಗೆ 35 ಕೆಜಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಬಿದ್ದಂತೆ. ಇದು ನೈಸರ್ಗಿಕ ಅನಿಲದಿಂದ ತಯಾರಿಸುವ ಗ್ರೇ ಹೈಡ್ರೋಜನ್‌ಗಿಂತ ಮೂರು ಪಟ್ಟು ಹೆಚ್ಚು. ಸೌರ ವಿದ್ಯುತ್ ಬಳಸಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಕರ್ತವ್ಯ ಪಥದಲ್ಲಿ ಚಾಲನೆ ಸಿಕ್ಕ ಬಸ್‌ಗೆ ಇಂಡಿಯನ್ ಆಯಿಲ್‌ನ ಫರೀದಾಬಾದ್ ಸಂಶೋಧನಾ ಕೇಂದ್ರದಲ್ಲಿ ಸೌರ ಫಲಕಗಳ ವಿದ್ಯುತ್ ಬಳಸಿ ಹೈಡ್ರೋಜನ್ ತಯಾರಿಸುವ ವ್ಯವಸ್ಥೆ ಇದೆ.

ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಇದಕ್ಕೆ ಮಾನದಂಡ ನಿಗದಿಪಡಿಸಿದೆ. 1 ಕೆಜಿ ಹೈಡ್ರೋಜನ್‌ಗೆ 2 ಕೆಜಿಗಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ಇದ್ದರೆ ಅದನ್ನು ‘ಗ್ರೀನ್’ ಎನ್ನುವಂತಿಲ್ಲ. ಆದರೆ ಇದು 12 ತಿಂಗಳ ಸರಾಸರಿ. ಹಗಲಿನ ಸೌರ ವಿದ್ಯುತ್ ಲೆಕ್ಕಕ್ಕೆ ರಾತ್ರಿಯ ಕಲ್ಲಿದ್ದಲು ವಿದ್ಯುತ್ ಹೊಂದಿಸಿಬಿಡುವ ಅಪಾಯ ಇದೆ ಎಂಬುದು ಇಂಥ ಸರಾಸರಿ ಲೆಕ್ಕದ ಬಗ್ಗೆ ಜಗತ್ತಿನಾದ್ಯಂತ ಇರುವ ಆಕ್ಷೇಪ.

ಇನ್ನೊಂದು ವಿಷಯ. ಹರಿಯಾಣದ ಬ್ರಾಡ್‌ಗೇಜ್ ರೈಲು ಜಾಲ ಪೂರ್ಣ ವಿದ್ಯುದೀಕರಣಗೊಂಡಿದೆ ಎಂದು ರೈಲ್ವೆ ಇಲಾಖೆಯೇ ಹೇಳಿದೆ. ವಿದ್ಯುತ್‌ನಿಂದ ಹೈಡ್ರೋಜನ್ ಮಾಡಿ, ಅದರಿಂದ ಮತ್ತೆ ವಿದ್ಯುತ್ ಪಡೆದು ರೈಲು ಓಡಿಸಿದರೆ ಮೂಲ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ. ಮೇಲಿನ ತಂತಿಯಿಂದ ನೇರವಾಗಿ ಪಡೆದರೆ ಈ ನಷ್ಟ ಬಹಳ ಕಡಿಮೆ. ತಂತಿ ಎಳೆಯುವುದು ಕಷ್ಟವಾದ ಬೆಟ್ಟದ ಪಾರಂಪರಿಕ ಮಾರ್ಗಗಳಲ್ಲಿ ಹೈಡ್ರೋಜನ್ ರೈಲಿಗೆ ಅರ್ಥ ಇದೆ. ರೈಲ್ವೆ ಕೂಡ ಅಂಥ ಮಾರ್ಗಗಳಿಗೆ 35 ರೈಲುಗಳ ಯೋಜನೆ ರೂಪಿಸಿದೆ. ಆ ಮಟ್ಟಿಗೆ ಜಿಂದ್ ಒಂದು ಪ್ರಯೋಗ ಶಾಲೆ.

ವಿಂಧ್ಯಾಚಲದ 20 ಟನ್ ಲೆಕ್ಕ

ಕಾರ್ಬನ್ ಕ್ಯಾಪ್ಚರ್ ವಿಷಯಕ್ಕೆ ಬಂದರೆ, ದೆಹಲಿಯಲ್ಲಿ ಕೇಂದ್ರ ಕಚೇರಿ ಇರುವ ಎನ್‌ಟಿಪಿಸಿ ಮಧ್ಯಪ್ರದೇಶದ ವಿಂಧ್ಯಾಚಲ ಸ್ಥಾವರದಲ್ಲಿ 2022ರಲ್ಲಿ ದಿನಕ್ಕೆ 20 ಟನ್ ಹಿಡಿಯುವ ಘಟಕ ಆರಂಭಿಸಿತು. ಹಿಡಿದ ಅನಿಲದ ಜತೆ ಹೈಡ್ರೋಜನ್ ಸೇರಿಸಿ ಮೆಥನಾಲ್ ತಯಾರಿಸುವುದು ಯೋಜನೆ. ತಂತ್ರಜ್ಞಾನ ಕಲಿಯಲು ಇದು ಒಳ್ಳೆಯ ಹೆಜ್ಜೆ.

ಆದರೆ ಪ್ರಮಾಣ ನೋಡಿ. ವಿಂಧ್ಯಾಚಲದ ಸಾಮರ್ಥ್ಯ 4,760 ಮೆಗಾವ್ಯಾಟ್. ಅದು ಶೇ. 70ರಷ್ಟು ಸಾಮರ್ಥ್ಯದಲ್ಲಿ ಓಡುತ್ತದೆ ಎಂದಿಟ್ಟುಕೊಂಡರೂ ದಿನಕ್ಕೆ ಸುಮಾರು 8 ಕೋಟಿ ಯೂನಿಟ್ ಉತ್ಪಾದಿಸುತ್ತದೆ. ಕಲ್ಲಿದ್ದಲಿನಿಂದ ತಯಾರಾಗುವ 1 ಯೂನಿಟ್‌ಗೆ ಹೆಚ್ಚು ಕಡಿಮೆ 1 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ದಿನಕ್ಕೆ 80,000 ಟನ್. ಈ ಲೆಕ್ಕದಲ್ಲಿ 20 ಟನ್ ಎಂದರೆ ಸುಮಾರು 22 ಸೆಕೆಂಡ್‌ಗಳ ಹೊಗೆ. ಮೆಥನಾಲ್ ಇಂಧನವಾಗಿ ಉರಿದಾಗ ಆ ಅನಿಲವೂ ಮತ್ತೆ ಗಾಳಿಗೆ ಸೇರುತ್ತದೆ.

ಜಾಗತಿಕ ಚಿತ್ರಣವೂ ಹೀಗೆಯೇ ಇದೆ. ಜಗತ್ತಿನ ಎಲ್ಲ ಕಾರ್ಬನ್ ಕ್ಯಾಪ್ಚರ್ ಘಟಕಗಳ ವಾರ್ಷಿಕ ಸಾಮರ್ಥ್ಯ ಸುಮಾರು 5 ಕೋಟಿ ಟನ್. ಇಂಧನ ವಲಯದಿಂದ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ 3,700 ಕೋಟಿ ಟನ್‌ಗೂ ಹೆಚ್ಚು. ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ಹಿಡಿಯಲು ಸಾಧ್ಯವಾಗಿದೆ.

ಗಂಧಕವನ್ನೇ ಹಿಡಿಯಲಿಲ್ಲ, ಇಂಗಾಲ ಹಿಡಿಯುತ್ತೇವೆಯೇ?

ಉಷ್ಣ ಸ್ಥಾವರಗಳ ಹೊಗೆಯಿಂದ ಸಲ್ಫರ್ ಡೈಆಕ್ಸೈಡ್ ತೆಗೆಯುವ ಎಫ್‌ಜಿಡಿ ಎಂಬ ಉಪಕರಣ ಇದೆ. ಕಾರ್ಬನ್ ಕ್ಯಾಪ್ಚರ್‌ಗೆ ಹೋಲಿಸಿದರೆ ಇದು ಹಳೆಯ, ಅಗ್ಗದ ತಂತ್ರಜ್ಞಾನ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಾನದಂಡ ಪ್ರಕಟಿಸಿ, 2 ವರ್ಷದಲ್ಲಿ ಪಾಲಿಸಬೇಕು ಎಂದಿತ್ತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಹೊರಬಿದ್ದ ಅಧಿಸೂಚನೆ ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಕಲ್ಲಿದ್ದಲು ಘಟಕಗಳಿಗೆ ಈ ನಿಯಮದಿಂದಲೇ ವಿನಾಯಿತಿ ನೀಡಿತು. ಎನ್‌ಸಿಆರ್ ಮತ್ತು 10 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ 10 ಕಿ.ಮೀ. ವ್ಯಾಪ್ತಿಯ ಘಟಕಗಳಿಗೆ ಮಾತ್ರ 2027ರ ಅಂತ್ಯದ ಗಡುವು ಉಳಿದಿದೆ. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಎಫ್‌ಜಿಡಿಗೆ ವೆಚ್ಚ ಹೆಚ್ಚು ಎಂಬುದು ಸರ್ಕಾರದ ಸಮರ್ಥನೆ.

ಇದಕ್ಕೂ ಕಾರ್ಬನ್ ಕ್ಯಾಪ್ಚರ್‌ಗೂ ನೇರ ಸಂಬಂಧ ಇದೆ. ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ ಇದ್ದರೆ ಅಮೀನ್ ದ್ರಾವಣ ಬೇಗ ಹಾಳಾಗುತ್ತದೆ. ಹೀಗಾಗಿ ಮೊದಲು ಗಂಧಕ ತೆಗೆದು, ನಂತರವಷ್ಟೇ ಇಂಗಾಲ ಹಿಡಿಯಬೇಕು. ಅಗ್ಗದ ಉಪಕರಣ ಅಳವಡಿಸಲು 10 ವರ್ಷ ತೆಗೆದುಕೊಂಡು ಕೊನೆಗೆ ವಿನಾಯಿತಿ ಪಡೆದ ಸ್ಥಾವರಗಳಿಗೆ ಅದಕ್ಕಿಂತ ಹಲವು ಪಟ್ಟು ದುಬಾರಿ ಉಪಕರಣ ಬಂದೀತೇ ಎಂಬ ಪ್ರಶ್ನೆಗೆ ಯಾವ ನೀಲನಕ್ಷೆಯಲ್ಲೂ ಸುಲಭದ ಉತ್ತರವಿಲ್ಲ.

ಹಿಡಿದ ಅನಿಲ ಎಲ್ಲಿಗೆ ಹೋಗುತ್ತದೆ?

ಇದು ಹೆಚ್ಚು ಚರ್ಚೆಯಾಗದ, ಆದರೆ ಬಹಳ ಮುಖ್ಯವಾದ ಪ್ರಶ್ನೆ. ಮೂರು ದಾರಿಗಳಿವೆ.

1. ಉತ್ಪನ್ನ ತಯಾರಿಕೆ: ತಮಿಳುನಾಡಿನ ತೂತ್ತುಕುಡಿಯ ರಾಸಾಯನಿಕ ಕಾರ್ಖಾನೆಯೊಂದು ತನ್ನ ಕಲ್ಲಿದ್ದಲು ಬಾಯ್ಲರ್‌ನ ಹೊಗೆಯಿಂದ ವರ್ಷಕ್ಕೆ 60,000 ಟನ್ ಕಾರ್ಬನ್ ಡೈಆಕ್ಸೈಡ್ ಹಿಡಿದು ಸೋಡಾ ಆ್ಯಶ್ ತಯಾರಿಸುವ ಯೋಜನೆಯಿಂದ ಜಗತ್ತಿನ ಗಮನ ಸೆಳೆದಿತ್ತು. ಆದರೆ ಇಂಥ ಉತ್ಪನ್ನಗಳ ಮಾರುಕಟ್ಟೆ ಚಿಕ್ಕದು.

2. ಶಾಶ್ವತ ಸಂಗ್ರಹ: ನಾರ್ವೆಯ ಸ್ಲೈಪ್ನರ್‌ನಲ್ಲಿ 1996ರಿಂದ ಸಮುದ್ರ ತಳದ ಕೆಳಗೆ ವರ್ಷಕ್ಕೆ ಸುಮಾರು 10 ಲಕ್ಷ ಟನ್‌ವರೆಗೆ ತುಂಬಲಾಗುತ್ತಿದೆ. ಇದು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ.

3. ತೈಲ ಬಾವಿಗೆ ತುಂಬುವುದು: ಹಳೆಯ ತೈಲ ಬಾವಿಗಳಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿದರೆ ಕೆಳಗೆ ಉಳಿದಿರುವ ತೈಲ ಮೇಲೆ ಬರುತ್ತದೆ. ಗುಜರಾತ್‌ನ ಕೊಯಲಿ ಸಂಸ್ಕರಣಾಗಾರದ ಅನಿಲವನ್ನು ಒಎನ್‌ಜಿಸಿಯ ಗಂಧಾರ್ ತೈಲ ಕ್ಷೇತ್ರಕ್ಕೆ ತುಂಬುವ ಒಪ್ಪಂದಕ್ಕೆ 2019ರಲ್ಲಿ ಸಹಿ ಬಿದ್ದಿತು. ಅನಿಲದ ಹೆಚ್ಚಿನ ಭಾಗ ನೆಲದೊಳಗೇ ಉಳಿಯುತ್ತದೆ ನಿಜ. ಆದರೆ ಮೇಲೆ ಬಂದ ತೈಲವನ್ನು ಸುಟ್ಟಾಗ ಮತ್ತೆ ಹೊಗೆ. ಹೊಗೆ ತಡೆಯುವ ಯೋಜನೆಯ ಲಾಭ ಹೆಚ್ಚು ತೈಲ ತೆಗೆಯುವುದರ ಮೇಲೆ ನಿಂತಿರುತ್ತದೆ ಎಂಬುದು ಇಲ್ಲಿರುವ ವೈರುಧ್ಯ.

ಸುರಕ್ಷತೆಯ ಪ್ರಶ್ನೆಯೂ ಇದೆ. 2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಸಟಾರ್ಷಿಯಾ ಬಳಿ ಕಾರ್ಬನ್ ಡೈಆಕ್ಸೈಡ್ ಪೈಪ್‌ಲೈನ್ ಒಡೆಯಿತು. ಗಾಳಿಗಿಂತ ಭಾರವಾದ ಈ ಅನಿಲ ತಗ್ಗಿನಲ್ಲಿ ಶೇಖರವಾಗಿ ಉಸಿರುಗಟ್ಟಿಸುತ್ತದೆ. ಸುಮಾರು 200 ಜನರನ್ನು ಸ್ಥಳಾಂತರಿಸಬೇಕಾಯಿತು, 45 ಮಂದಿ ಆಸ್ಪತ್ರೆಗೆ ಹೋದರು.

ವಿದೇಶಗಳ ಅನುಭವ ಏನು ಹೇಳುತ್ತದೆ?

* ಬೌಂಡರಿ ಡ್ಯಾಮ್, ಕೆನಡಾ: 2014ರಲ್ಲಿ ಆರಂಭವಾದ ಕಲ್ಲಿದ್ದಲು ಸ್ಥಾವರದ ಕ್ಯಾಪ್ಚರ್ ಘಟಕ. ಗುರಿ ವರ್ಷಕ್ಕೆ 10 ಲಕ್ಷ ಟನ್. ಒಟ್ಟು 50 ಲಕ್ಷ ಟನ್ ತಲುಪಲು 8 ವರ್ಷಕ್ಕೂ ಹೆಚ್ಚು ಬೇಕಾಯಿತು.
* ಪೆಟ್ರಾ ನೋವಾ, ಅಮೆರಿಕ: ಸುಮಾರು 100 ಕೋಟಿ ಡಾಲರ್ ವೆಚ್ಚದಲ್ಲಿ 2017ರಲ್ಲಿ ಶುರು. ಹಿಡಿದ ಅನಿಲ ತೈಲ ಬಾವಿಗೆ ಹೋಗುತ್ತಿತ್ತು. 2020ರಲ್ಲಿ ತೈಲ ಬೆಲೆ ಕುಸಿದಾಗ ಘಟಕವೇ ನಿಂತಿತು. ಮತ್ತೆ ಶುರುವಾದದ್ದು 2023ರಲ್ಲಿ.
* ಕೆಂಪರ್, ಅಮೆರಿಕ: ಕಲ್ಲಿದ್ದಲನ್ನು ಅನಿಲವಾಗಿಸಿ ಇಂಗಾಲ ಹಿಡಿಯುವ ಯೋಜನೆ. ವೆಚ್ಚ 750 ಕೋಟಿ ಡಾಲರ್‌ಗೆ ಏರಿದ ಮೇಲೆ 2017ರಲ್ಲಿ ಕೈಬಿಡಲಾಯಿತು. ಈಗ ಅಲ್ಲಿ ನೈಸರ್ಗಿಕ ಅನಿಲದಿಂದ ವಿದ್ಯುತ್ ತಯಾರಾಗುತ್ತಿದೆ.
* ಗೋರ್ಗನ್, ಆಸ್ಟ್ರೇಲಿಯಾ: ಅನಿಲ ಕ್ಷೇತ್ರದಿಂದ ಬರುವ ಕಾರ್ಬನ್ ಡೈಆಕ್ಸೈಡ್‌ನ ಶೇ. 80ರಷ್ಟನ್ನು ನೆಲಕ್ಕೆ ತುಂಬುವ ಷರತ್ತಿತ್ತು. ಅನಿಲ ಉತ್ಪಾದನೆ ಆರಂಭವಾಗಿ 3 ವರ್ಷ ಕಳೆದ ಮೇಲೆ, 2019ರಲ್ಲಿ ತುಂಬುವ ಕೆಲಸ ಶುರುವಾಯಿತು. ಈಚಿನ ವರ್ಷಗಳಲ್ಲಿ ಗುರಿಯ ಅರ್ಧವನ್ನೂ ಮುಟ್ಟಿಲ್ಲ.

ನಾಲ್ಕನೆಯ ಉದಾಹರಣೆಯನ್ನು ಗಮನಿಸಿ. ಇಂಗಾಲ ಹಿಡಿಯುವ ಭರವಸೆ ಮೇಲೆ ಯೋಜನೆಗೆ ಅನುಮತಿ ಸಿಗುತ್ತದೆ. ಅನಿಲ ಮಾರಾಟ ಶುರುವಾಗುತ್ತದೆ. ಭರವಸೆ ಮಾತ್ರ ಹಿಂದೆ ಬೀಳುತ್ತದೆ.

ಬ್ಲೂ ಹೈಡ್ರೋಜನ್ ಬಗ್ಗೆಯೂ ವಿಜ್ಞಾನಿಗಳಲ್ಲಿ ಚರ್ಚೆ ಇದೆ. 2021ರಲ್ಲಿ ಅಮೆರಿಕದ ರಾಬರ್ಟ್ ಹೋವರ್ಥ್ ಮತ್ತು ಮಾರ್ಕ್ ಜೇಕಬ್ಸನ್ ಪ್ರಕಟಿಸಿದ ಅಧ್ಯಯನ, ಶಾಖಕ್ಕಾಗಿ ನೈಸರ್ಗಿಕ ಅನಿಲವನ್ನು ನೇರವಾಗಿ ಉರಿಸುವುದಕ್ಕಿಂತ ಬ್ಲೂ ಹೈಡ್ರೋಜನ್‌ನ ತಾಪಮಾನ ಪರಿಣಾಮ ಶೇ. 20ಕ್ಕೂ ಹೆಚ್ಚು ಎಂದಿತು. ಕಾರಣ ಮೀಥೇನ್ ಸೋರಿಕೆ. 20 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಅಧ್ಯಯನದ ಊಹೆಗಳು ಅತಿಯಾದವು ಎಂದು ಇತರ ಸಂಶೋಧಕರು ಆಕ್ಷೇಪಿಸಿದರು. ಸೋರಿಕೆ ಬಹಳ ಕಡಿಮೆ ಇದ್ದು, ಇಂಗಾಲ ಹಿಡಿಯುವ ಪ್ರಮಾಣ ಬಹಳ ಹೆಚ್ಚಿದ್ದರೆ ಮಾತ್ರ ಬ್ಲೂ ಹೈಡ್ರೋಜನ್‌ನಿಂದ ಪ್ರಯೋಜನ ಎಂಬ ಬಗ್ಗೆ ಎರಡೂ ಕಡೆ ಹೆಚ್ಚು ಭಿನ್ನಾಭಿಪ್ರಾಯ ಇಲ್ಲ.

ಕಲ್ಲಿದ್ದಲು ಅನಿಲೀಕರಣ: ಭಾರತದ ದೊಡ್ಡ ಪಣ

ಭಾರತದಲ್ಲಿ ನೈಸರ್ಗಿಕ ಅನಿಲ ಕಡಿಮೆ, ಕಲ್ಲಿದ್ದಲು ಹೆಚ್ಚು. ಹೀಗಾಗಿ ಇಲ್ಲಿ ಚರ್ಚೆ ಬ್ಲೂ ಹೈಡ್ರೋಜನ್‌ಗಿಂತ ಕಲ್ಲಿದ್ದಲು ಅನಿಲೀಕರಣದ ಸುತ್ತ ಇದೆ. 2030ರೊಳಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿ ಕೇಂದ್ರದ್ದು. 2024ರ ಜನವರಿ 24ರಂದು ಕೇಂದ್ರ ಸಂಪುಟ ಇದಕ್ಕೆ 8,500 ಕೋಟಿ ರೂ. ಪ್ರೋತ್ಸಾಹಧನ ಒಪ್ಪಿತು. ಯೂರಿಯಾ, ಮೆಥನಾಲ್, ಅನಿಲ ಆಮದು ತಗ್ಗಿಸುವುದು ಉದ್ದೇಶ. ವಿದೇಶಿ ವಿನಿಮಯ ಉಳಿತಾಯದ ದೃಷ್ಟಿಯಿಂದ ಈ ವಾದಕ್ಕೆ ಬಲ ಇದೆ.

ಆದರೆ ಒಮ್ಮೆ ಸಾವಿರಾರು ಕೋಟಿ ಸುರಿದು ಕಟ್ಟಿದ ಘಟಕ ಹಾಕಿದ ಬಂಡವಾಳ ಹಿಂದಿರುಗಲು 25-30 ವರ್ಷ ಓಡಬೇಕು. ಅಷ್ಟೂ ವರ್ಷ ಕಲ್ಲಿದ್ದಲು ಬೇಕು. ಒಡಿಶಾದ ತಾಲ್ಚೇರ್‌ನಲ್ಲಿ ಕಲ್ಲಿದ್ದಲಿನಿಂದ ವರ್ಷಕ್ಕೆ 12.7 ಲಕ್ಷ ಟನ್ ಯೂರಿಯಾ ತಯಾರಿಸುವ ಕಾರ್ಖಾನೆಗೆ 2018ರ ಸೆಪ್ಟೆಂಬರ್‌ನಲ್ಲಿ ಶಂಕುಸ್ಥಾಪನೆ ಆಯಿತು. ವೆಚ್ಚ 13,000 ಕೋಟಿ ರೂ. ಮೀರಿದೆ, ನಿಗದಿತ ಗಡುವುಗಳೂ ಮೀರಿವೆ. ಈ ನಡುವೆ 2025ರ ಹರಾಜಿನಲ್ಲಿ ಒಡಿಶಾದ ಪಾರಾದೀಪ್‌ನ ರಸಗೊಬ್ಬರ ಕಂಪನಿಗೆ ಗ್ರೀನ್ ಹೈಡ್ರೋಜನ್‌ನಿಂದ ತಯಾರಿಸಿದ ಅಮೋನಿಯಾವನ್ನು ಕೆಜಿಗೆ 55.75 ರೂ. ದರದಲ್ಲಿ ಪೂರೈಸಲು ಕಂಪನಿಯೊಂದು ಮುಂದೆ ಬಂದಿದೆ. ಶುದ್ಧ ದಾರಿಯ ಬೆಲೆ ಇಳಿಯುತ್ತಿರುವಾಗಲೇ ಹಳೆಯ ದಾರಿಗೆ 30 ವರ್ಷಗಳ ಬಂಡವಾಳ ಹೂಡುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

ಕರ್ನಾಟಕದಲ್ಲಿ ಏನಾಗುತ್ತಿದೆ?

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಎನರ್ಜಿ 2025ರ ನವೆಂಬರ್‌ನಲ್ಲಿ ವರ್ಷಕ್ಕೆ 3,800 ಟನ್ ಸಾಮರ್ಥ್ಯದ ಗ್ರೀನ್ ಹೈಡ್ರೋಜನ್ ಘಟಕ ಆರಂಭಿಸಿತು. ಪಕ್ಕದ ಜೆಎಸ್‌ಡಬ್ಲ್ಯು ಉಕ್ಕು ಕಾರ್ಖಾನೆಗೆ ಇಲ್ಲಿಂದ ಹೈಡ್ರೋಜನ್ ಪೂರೈಕೆ. ದೇಶದ ಮಟ್ಟಿಗೆ ಇದು ದೊಡ್ಡ ಘಟಕ, ಬಳಕೆಯೂ ಸರಿಯಾದ ಕಡೆಯೇ.

ಆದರೂ ಪ್ರಮಾಣ ತಿಳಿದಿರಲಿ. ಪೂರ್ತಿಯಾಗಿ ಹೈಡ್ರೋಜನ್‌ನಿಂದಲೇ 1 ಟನ್ ಉಕ್ಕಿಗೆ ಬೇಕಾದ ಕಬ್ಬಿಣ ತಯಾರಿಸಲು ಸುಮಾರು 55 ಕೆಜಿ ಬೇಕು. ಆ ಲೆಕ್ಕದಲ್ಲಿ 3,800 ಟನ್ ಸಾಕಾಗುವುದು 70,000 ಟನ್ ಉಕ್ಕಿಗೆ. ವಿಜಯನಗರ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 1.7 ಕೋಟಿ ಟನ್‌ಗೂ ಹೆಚ್ಚು. ಅಂದರೆ ಶೇ. 0.4ರಷ್ಟು. ಉಳಿದದ್ದರಲ್ಲಿ ಬಹುಪಾಲು ಈಗಲೂ ಕಲ್ಲಿದ್ದಲನ್ನೇ ನಂಬಿದೆ. ‘ಗ್ರೀನ್ ಸ್ಟೀಲ್’ ಎಂಬ ಪದ ಜಾಹೀರಾತಿನಲ್ಲಿ ಕಂಡಾಗ ಈ ಅಂಕಿ ನೆನಪಿಟ್ಟುಕೊಳ್ಳಬೇಕು.

ಇನ್ನು ರಾಯಚೂರಿನ ಆರ್‌ಟಿಪಿಎಸ್. 1985ರಲ್ಲಿ ಮೊದಲ ಘಟಕ ಆರಂಭವಾದ ಇದರ ಸಾಮರ್ಥ್ಯ 1,720 ಮೆಗಾವ್ಯಾಟ್. 40 ವರ್ಷ ದಾಟಿದ ಘಟಕಕ್ಕೆ ದುಬಾರಿ ಕ್ಯಾಪ್ಚರ್ ಉಪಕರಣ ಅಳವಡಿಸಿದರೆ ಆ ಹಣ ಮರಳಿ ಬರಲು ಘಟಕ ಇನ್ನೂ ಹಲವು ವರ್ಷ ಓಡಬೇಕಾಗುತ್ತದೆ. ಹಾರುಬೂದಿ ಜತೆ ಬದುಕುತ್ತಿರುವ ಸುತ್ತಲಿನ ಹಳ್ಳಿಗಳಿಗೆ ಕಾರ್ಬನ್ ಕ್ಯಾಪ್ಚರ್‌ನಿಂದ ಬೂದಿ ಕಡಿಮೆಯಾಗುವುದಿಲ್ಲ. ದೆಹಲಿಯ ಬದರ್‌ಪುರ ಸ್ಥಾವರವನ್ನು 2018ರ ಅಕ್ಟೋಬರ್‌ನಲ್ಲಿ ಮಾಲಿನ್ಯದ ಕಾರಣಕ್ಕೆ ಶಾಶ್ವತವಾಗಿ ಮುಚ್ಚಲಾಯಿತು. ರಾಜಧಾನಿಗೆ ಸಿಕ್ಕ ಆ ಪರಿಹಾರ ರಾಯಚೂರಿಗೆ ಯಾವಾಗ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಹಾಗಾದರೆ ಎಲ್ಲಿ ಬೇಕು, ಎಲ್ಲಿ ಬೇಡ?

ಎರಡೂ ತಂತ್ರಜ್ಞಾನಗಳನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ.

ಸಿಮೆಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳಲ್ಲಿ ಸುಣ್ಣದ ಕಲ್ಲನ್ನು ಸುಡುತ್ತಾರೆ. ಕಲ್ಲಿನೊಳಗಿನ ಕಾರ್ಬನ್ ಡೈಆಕ್ಸೈಡ್ ಆಗ ಹೊರಬರುತ್ತದೆ. ಸಿಮೆಂಟ್ ಉದ್ಯಮದ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಬರುವಂಥದ್ದು. ಕಲ್ಲಿದ್ದಲಿನ ಬದಲು ಸೌರಶಕ್ತಿ ಬಳಸಿದರೂ ಇದು ತಪ್ಪುವುದಿಲ್ಲ, ಹಿಡಿಯಲೇಬೇಕು. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಘಟಕ ಉದ್ಘಾಟನೆಯಾಗಿದೆ. ಎನ್‌ಸಿಆರ್‌ನ ಫರೀದಾಬಾದ್ ಜಿಲ್ಲೆಯ ಬಲ್ಲಭಗಢದಲ್ಲೂ ದಿನಕ್ಕೆ 2 ಟನ್ ಹಿಡಿಯುವ ಸಿಮೆಂಟ್ ಪ್ರಾಯೋಗಿಕ ಘಟಕವನ್ನು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಬೆಂಬಲಿಸುತ್ತಿದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕಾರ್ಬನ್ ಕ್ಯಾಪ್ಚರ್ ಕುರಿತ ರಾಷ್ಟ್ರೀಯ ಕೇಂದ್ರ ಇದೆ.

ಹೈಡ್ರೋಜನ್ ಮಟ್ಟಿಗೂ ಅಷ್ಟೇ. ಸರ್ಕಾರದ ಅಂದಾಜಿನಂತೆ ದೇಶದ ರಸಗೊಬ್ಬರ ಕಾರ್ಖಾನೆ ಮತ್ತು ತೈಲ ಸಂಸ್ಕರಣಾಗಾರಗಳು ಈಗಾಗಲೇ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಗ್ರೇ ಹೈಡ್ರೋಜನ್ ಬಳಸುತ್ತಿವೆ. 2023ರ ಜನವರಿ 4ರಂದು 19,744 ಕೋಟಿ ರೂ. ವೆಚ್ಚದಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಗ್ರೀನ್ ಹೈಡ್ರೋಜನ್ ಮಿಷನ್‌ನ 2030ರ ಗುರಿಯೂ 50 ಲಕ್ಷ ಟನ್. ಅಂದರೆ ಮೊದಲು ಈ ಹಳೆಯ ಬಳಕೆಯನ್ನೇ ಹಸಿರಾಗಿಸಿದರೂ ಗುರಿ ತುಂಬುತ್ತದೆ. ಆಗ ಪ್ರತಿ ಕೆಜಿ ಗ್ರೀನ್ ಹೈಡ್ರೋಜನ್ ಒಂದು ಕೆಜಿ ಗ್ರೇ ಹೈಡ್ರೋಜನ್ ಅನ್ನು ನಿಜವಾಗಿ ಹೊರಹಾಕುತ್ತದೆ. ಸಿಟಿ ಬಸ್, ಕಾರು, ಒಲೆಗಳಿಗೆ ಬ್ಯಾಟರಿ ಮತ್ತು ನೇರ ವಿದ್ಯುತ್ ಸಾಕು.

ಸರ್ಕಾರದ ವಾದವೇನು?

ಭಾರತದ ತಲಾ ಹೊರಸೂಸುವಿಕೆ ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ. ವಿದ್ಯುತ್‌ನಲ್ಲಿ ಕಲ್ಲಿದ್ದಲಿನ ಪಾಲು ಶೇ. 70ರ ಆಸುಪಾಸಿನಲ್ಲಿದ್ದು, ಬಹಳಷ್ಟು ಸ್ಥಾವರಗಳು ಹೊಸವು. ಅವನ್ನು ರಾತ್ರೋರಾತ್ರಿ ಮುಚ್ಚಿದರೆ ಕರೆಂಟೂ ಹೋಗುತ್ತದೆ, ಜಾರ್ಖಂಡ್, ಛತ್ತೀಸ್‌ಗಢದಂಥ ರಾಜ್ಯಗಳಲ್ಲಿ ಲಕ್ಷಾಂತರ ಜನರ ಕೆಲಸವೂ ಹೋಗುತ್ತದೆ. 2070ರ ನೆಟ್ ಝೀರೊ ಗುರಿ ತಲುಪಲು ಕಾರ್ಬನ್ ಕ್ಯಾಪ್ಚರ್ ಅಗತ್ಯ ಎಂದು ನೀತಿ ಆಯೋಗ 2022ರ ನವೆಂಬರ್ ವರದಿಯಲ್ಲಿ ಹೇಳಿದೆ. ಈ ಮಾತುಗಳನ್ನು ನೆಪ ಎಂದು ತಳ್ಳಿಹಾಕಲಾಗದು. 2025ರ ಜೂನ್‌ನಲ್ಲಿ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಪಳೆಯುಳಿಕೆಯೇತರ ಮೂಲಗಳ ಪಾಲು ಶೇ. 50 ತಲುಪಿದ್ದೂ ನಿಜ.

ಆದರೆ ಅಂತಾರಾಷ್ಟ್ರೀಯ ಮಾತುಕತೆಗಳಲ್ಲಿ ಬಳಕೆಯಾಗುವ ಭಾಷೆಯನ್ನೂ ಗಮನಿಸಬೇಕು. 2021ರ ಗ್ಲಾಸ್ಗೋ ಶೃಂಗಸಭೆ ಹಂತಹಂತವಾಗಿ ತಗ್ಗಿಸಬೇಕು ಎಂದಿದ್ದು ಎಲ್ಲ ಕಲ್ಲಿದ್ದಲು ವಿದ್ಯುತ್ ಅನ್ನು ಅಲ್ಲ, ಇಂಗಾಲ ಹಿಡಿಯುವ ವ್ಯವಸ್ಥೆ ಇಲ್ಲದ ಕಲ್ಲಿದ್ದಲು ವಿದ್ಯುತ್ ಅನ್ನು ಮಾತ್ರ. 2023ರ ದುಬೈ ಶೃಂಗಸಭೆ ಪಳೆಯುಳಿಕೆ ಇಂಧನದಿಂದ ದೂರ ಸರಿಯಬೇಕು ಎಂದ ಪಠ್ಯದಲ್ಲೇ ಕಾರ್ಬನ್ ಕ್ಯಾಪ್ಚರ್ ಮತ್ತು ಕಡಿಮೆ ಇಂಗಾಲದ ಹೈಡ್ರೋಜನ್‌ಗೂ ಜಾಗ ಕೊಟ್ಟಿತು. ಉಪಕರಣ ಬರುವ ಮೊದಲೇ ಅದರ ಹೆಸರಿನಲ್ಲಿ ವಿನಾಯಿತಿ ಸಿಗುವ ದಾರಿ ಇದು.

20,000 ಕೋಟಿ ರೂಪಾಯಿಯ ಹೊಸ ಯೋಜನೆ ವಿದ್ಯುತ್, ಉಕ್ಕು, ಸಿಮೆಂಟ್, ಸಂಸ್ಕರಣಾಗಾರ ಮತ್ತು ರಾಸಾಯನಿಕ ಎಂಬ 5 ವಲಯಗಳನ್ನು ಹೆಸರಿಸಿದೆ. ಹಣ ಸಿಮೆಂಟ್, ಉಕ್ಕಿನ ಕಡೆ ಹರಿದರೆ ಒಂದು ಫಲ, ಕಲ್ಲಿದ್ದಲು ವಿದ್ಯುತ್ ಕಡೆ ಹರಿದರೆ ಇನ್ನೊಂದು ಫಲ. ಇದು ತೆರಿಗೆದಾರರ ಹಣವಾದ್ದರಿಂದ ಯಾವ ವಲಯಕ್ಕೆ ಎಷ್ಟು ಎಂಬುದು ಸಾರ್ವಜನಿಕ ಚರ್ಚೆಯ ವಿಷಯ.

ಮುಂದಿನ ಬಾರಿ ಸುದ್ದಿ ಓದುವಾಗ ಈ 5 ಪ್ರಶ್ನೆ ಕೇಳಿ

1. ಹೈಡ್ರೋಜನ್ ಯಾವುದರಿಂದ ತಯಾರಾಯಿತು? ವಿದ್ಯುತ್‌ನಿಂದ ಎಂದರೆ, ಆ ವಿದ್ಯುತ್ ಎಲ್ಲಿಂದ ಬಂತು?
2. ಹಿಡಿದ ಕಾರ್ಬನ್ ಡೈಆಕ್ಸೈಡ್ ಸ್ಥಾವರದ ಒಟ್ಟು ಹೊಗೆಯಲ್ಲಿ ಶೇಕಡಾ ಎಷ್ಟು?
3. ಅದು ಶಾಶ್ವತವಾಗಿ ನೆಲದೊಳಗೆ ಉಳಿಯುತ್ತದೆಯೇ, ಮತ್ತೆ ಇಂಧನವಾಗಿ ಉರಿಯುತ್ತದೆಯೇ?
4. ಇದೇ ಕೆಲಸವನ್ನು ನೇರ ವಿದ್ಯುತ್ ಅಥವಾ ಬ್ಯಾಟರಿಯಿಂದ ಅಗ್ಗವಾಗಿ ಮಾಡಲು ಸಾಧ್ಯವಿತ್ತೇ?
5. ಈ ಯೋಜನೆಯಿಂದ ಯಾವ ಹಳೆಯ ಘಟಕ, ಯಾವ ದಿನಾಂಕದಂದು ಮುಚ್ಚುತ್ತದೆ?

ಎಲ್ಲಕ್ಕಿಂತ ಮುಖ್ಯವಾದದ್ದು ಐದನೇ ಪ್ರಶ್ನೆ. ಅದಕ್ಕೆ ಉತ್ತರ ಇದ್ದರೆ ಅದು ಇಂಧನ ಬದಲಾವಣೆಯ ಯೋಜನೆ. ಮುಚ್ಚುವ ದಿನಾಂಕವೇ ಇಲ್ಲದಿದ್ದರೆ, ಹೆಸರು ಎಷ್ಟೇ ಹಸಿರಾಗಿದ್ದರೂ ಅದು ಕಲ್ಲಿದ್ದಲಿಗೆ ಸಿಕ್ಕ ಇನ್ನೊಂದು ಅವಕಾಶ ಅಷ್ಟೇ.